ರಿಪೇರಿ ಮಾಡಿಸಿ ಇಟ್ಟುಕೊಂಡ ಸ್ವಿಫ್ಟ್, ರಿಪೇರಿ ಮಾಡಿಸಿ ಮಾರಿದ ಸ್ವಿಫ್ಟ್

ನಮ್ಮ ಎರಡು ಮನೆಗಳಲ್ಲಿ ಒಂದೇ ಇಂಜಿನ್‌ನ ಎರಡು ಸ್ವಿಫ್ಟ್ ಡೀಸೆಲ್‌ಗಳಿದ್ದವು. ನನ್ನದು 2013ರದ್ದು, ಕೆಎ-14, ತೀರ್ಥಹಳ್ಳಿ ಕಡೆಯದು. ಭಾವನದ್ದು 2012ರದ್ದು, ಕೆಎ-15, ಸಾಗರದ್ದು. ಎರಡಕ್ಕೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ದೊಡ್ಡ ರಿಪೇರಿ ಬಂತು. ನಾನು ಮಾಡಿಸಿ ಇಟ್ಟುಕೊಂಡೆ. ಭಾವ ಮಾಡಿಸಿ ಮಾರಿದರು, ಬಂದ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ ಬೆಂಗಳೂರಿನಿಂದ 2017ರ ಪೆಟ್ರೋಲ್ ವ್ಯಾಗನ್‌ಆರ್ ತಂದರು. ಆಮೇಲೆ ಮಳೆಗಾಲದಲ್ಲಿ ಬೇಕೆಂದೇ ಗಾಡಿ ಅದಲುಬದಲು ಮಾಡಿಕೊಂಡು ಇಬ್ಬರೂ ಓಡಿಸಿದೆವು. ಇಟ್ಟುಕೊಳ್ಳುವುದೋ ಮಾರುವುದೋ ಎಂದು ಕೇಳುವವರಿಗೆ ನನ್ನ ಉತ್ತರ ಹುಟ್ಟಿದ್ದು ಈ ಅದಲುಬದಲಿನಲ್ಲಿ.

ಮೊದಲು ಬಿಲ್ಲು. ನನ್ನ ಗಾಡಿಗೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಸೆಟ್ಟು, ಮುಂದಿನ ಎರಡೂ ಲೋವರ್ ಆರ್ಮ್, ಶಾಕ್ ಅಬ್ಸಾರ್ಬರ್, ಎರಡು ಇಂಜೆಕ್ಟರ್, ಏಸಿ ಕೂಲಿಂಗ್ ಕಾಯಿಲ್. ಕಂಪನಿ ವರ್ಕ್‌ಶಾಪಿನ ಎಸ್ಟಿಮೇಟ್ ಲಕ್ಷ ದಾಟಿತ್ತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ನನಗೆ ಹಳೆ ಪರಿಚಯದ ಮೆಕ್ಯಾನಿಕ್ ಅದನ್ನೇ 71,000ಕ್ಕೆ ಮುಗಿಸಿದ. ಭಾವನ ಗಾಡಿಗೆ 58,000 ಆಯಿತು. ಅದರಲ್ಲಿ ಕ್ಲಚ್ಚೂ ಟೈಮಿಂಗ್ ಚೈನೂ ಸೇರಿದ್ದವು. ಬಿಡಿಭಾಗಕ್ಕೆ ಇಬ್ಬರೂ ಪರದಾಡಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಎಂಬ ಬಿಗಿಯಾದ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ನಿಲ್ಲಿಸಿತು ನಿಜ, ಆದರೆ ಇದು ಫಿಯಟ್ ಮೂಲದ 1,248 ಸಿಸಿ ಇಂಜಿನ್. ಡಿಸೈರ್, ರಿಟ್ಜ್, ಎರ್ಟಿಗಾ, ಬ್ರೆಝಾ, ಟಾಟಾದ ವಿಸ್ಟಾ, ಫಿಯಟ್ ಪುಂಟೋ, ಎಲ್ಲದರಲ್ಲೂ ಕೂತಿದ್ದು ಇದೇ. ಇದರ ಸಾಮಾನು ಗೊತ್ತಿಲ್ಲದ ಅಂಗಡಿ ಶಿವಮೊಗ್ಗದಲ್ಲಿ ನಾನು ನೋಡಿಲ್ಲ.

ರಿಪೇರಿಗೆ ಮುಂಚೆ ಬ್ರೋಕರ್ ಒಬ್ಬರು ನನ್ನ ಗಾಡಿಗೆ, ಇದ್ದ ಹಾಗೆಯೇ, 2 ಲಕ್ಷದ 55 ಸಾವಿರ ಹೇಳಿದ್ದರು. 71,000 ಹಾಕಿ, ಬಿಲ್ಲು ಹಿಡಿದು ಮತ್ತೆ ಅವರ ಮುಂದೆ ನಿಂತಾಗ ಹೇಳಿದ್ದು 2 ಲಕ್ಷದ 85. ಅಂದರೆ ಮಾರುಕಟ್ಟೆ ನನ್ನ ಖರ್ಚಿನಲ್ಲಿ ಅರ್ಧವನ್ನೂ ಒಪ್ಪಲಿಲ್ಲ. ಮೆಕ್ಯಾನಿಕ್‌ಗೆ ಹೇಳಿದರೆ ಅವನು ನಕ್ಕ: "ಇಂಜೆಕ್ಟರ್ ಹೊಸದು ಅಂದ್ರೆ ಯಾರೂ ಸಾವಿರ ರೂಪಾಯಿ ಜಾಸ್ತಿ ಕೊಡಲ್ಲ ಮಾರಾಯ್ರೆ. ಪಾಲಿಶ್ ಹೊಡೆಸಿ, ಟೈರ್ ಕಪ್ಪು ಮಾಡಿ, ಐದು ಸಾವಿರ ಮೇಲೆ ಬರ್ತದೆ." ಕೊಳ್ಳಲು ಬಂದವರು ನೋಡುವುದು ಬಣ್ಣ, ಟೈರು, ಸೀಟು, ಇನ್ಶೂರೆನ್ಸ್ ತಾರೀಕು. ಒಳಗಿನ ರಿಪೇರಿಯ ಫಲ ಉಣ್ಣುವವನು ಸ್ಟೀರಿಂಗ್ ಹಿಡಿದವನು ಮಾತ್ರ. ಹಾಗಾಗಿ ಮಾರುವ ಮನಸ್ಸಿದ್ದರೆ ಎಸ್ಟಿಮೇಟ್ ಕೈಗೆ ಬಂದ ದಿನವೇ ಮಾರಬೇಕು, ಎಸ್ಟಿಮೇಟನ್ನು ಗಿರಾಕಿಗೆ ತೋರಿಸಿಯೇ ಮಾರಬೇಕು. ರಿಪೇರಿ ಮುಗಿದ ಗಾಡಿಗೆ ನಮ್ಮಷ್ಟು ಬೆಲೆ ಕಟ್ಟುವವರು ಊರಲ್ಲಿ ಇನ್ನೊಬ್ಬರಿಲ್ಲ. ಭಾವನಿಗೆ 2 ಲಕ್ಷದ 60 ಸಾವಿರ ಸಿಕ್ಕಿತು. ವ್ಯಾಗನ್‌ಆರ್‌ಗೆ ಕೊಟ್ಟಿದ್ದು 3 ಲಕ್ಷದ 90. ಮೇಲೆ ಸೇರಿಸಿದ 1 ಲಕ್ಷದ 30 ಸಾವಿರದ ಜೊತೆಗೆ ಆ 58,000ವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಓಡಿಸಿದ ವಿಚಾರ. ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು. ಜೋರು ಮಳೆ, ನಾಲ್ಕು ಜನ, ಹಿಂದೆ ಉಡುಪಿಯಿಂದ ತಂದ ಸಾಮಾನು. ಸ್ವಿಫ್ಟ್ ಇಂಜಿನ್ 2,000 ಆರ್‌ಪಿಎಂಗೇ 190 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆಯುವ ಬಲ, ಕೊಡುತ್ತದೆ. ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ನಿಂತುಹೋದರೂ ಮತ್ತೆ ಎದ್ದು ಹೊರಡಲು ಕಷ್ಟಪಡುವುದಿಲ್ಲ. ವ್ಯಾಗನ್‌ಆರ್‌ನ ಒಂದು ಲೀಟರ್ ಪೆಟ್ರೋಲ್ ಇಂಜಿನ್‌ನದು 90, ಅದೂ 3,500 ಆರ್‌ಪಿಎಂ ಮುಟ್ಟಿದ ಮೇಲೆ. ಅದು ಹತ್ತುವುದಿಲ್ಲ ಎಂದಲ್ಲ, ಹತ್ತುತ್ತದೆ. ಆದರೆ ಮೊದಲ ಗೇರಿನಲ್ಲಿ ಕಿರುಚಿಕೊಂಡು ಹತ್ತುತ್ತದೆ, ಅರ್ಧ ಕ್ಲಚ್ಚಿನಲ್ಲಿ ಹಿಡಿದರೆ ವಾಸನೆ ಬರುತ್ತದೆ. ಏಸಿ ಆಫ್ ಮಾಡಿದರೆ ಸ್ವಲ್ಪ ಹಗುರಾಗುತ್ತದೆ, ಆದರೆ ಅಲ್ಲೇ ತೊಡಕು. ಮಲೆನಾಡಿನಲ್ಲಿ ಏಸಿ ಇರುವುದು ತಂಪಿಗಲ್ಲ. ಮಂಜು ಮುಸುಕಿ ಒಳಗಿನಿಂದ ಗಾಜು ಬೆವರಿದಾಗ ಒಳಗಿನ ತೇವ ಹೀರಿ ಗಾಜು ತಿಳಿ ಮಾಡುವುದು ಅದೇ. ಕೂಲಿಂಗ್ ಕಾಯಿಲ್‌ಗೆ ದುಡ್ಡು ಯಾಕೆ ಹಾಕುತ್ತೀರಿ, ನಮ್ಮೂರಲ್ಲಿ ಸೆಕೆ ಎಲ್ಲಿದೆ ಎಂದು ಕೇಳಿದವರಿದ್ದಾರೆ. ಅವರು ಜುಲೈಯಲ್ಲಿ ಘಾಟಿ ಇಳಿದಿಲ್ಲ ಅಂತ ಕಾಣುತ್ತದೆ.

ಮುಖ್ಯರಸ್ತೆಯಿಂದ ನಮ್ಮ ಮನೆಗೆ ಇಳಿಯುವ ಮಣ್ಣುರಸ್ತೆಯಲ್ಲೂ ಸ್ವಿಫ್ಟೇ ಮೇಲು, ಮುಖ್ಯವಾಗಿ ಲೋವರ್ ಆರ್ಮ್ ಹೊಸದಾದ ಕಾರಣಕ್ಕೆ. ಆದರೆ ಸಾಗರದಿಂದ ಶಿವಮೊಗ್ಗಕ್ಕೆ ಹೆದ್ದಾರಿಯಲ್ಲಿ, ಪೇಟೆಯ ಗಲ್ಲಿಗಳಲ್ಲಿ, ವ್ಯಾಗನ್‌ಆರ್ ಓಡಿಸುವುದು ಸುಖ. ಎತ್ತರದ ಬಾಗಿಲು ಬೇರೆ. ಮಂಡಿನೋವಿನ ನನ್ನ ಅತ್ತೆಗೆ ಸ್ವಿಫ್ಟಿನೊಳಗೆ ಕೂರುವುದೇ ಒಂದು ಪ್ರಯಾಸ. ವ್ಯಾಗನ್‌ಆರ್‌ನಲ್ಲಿ ಕುರ್ಚಿಯ ಮೇಲೆ ಕೂತ ಹಾಗೆ ಕೂತರು. ಭಾವ ಮಾರುವ ತೀರ್ಮಾನ ಮಾಡಿದ್ದೇ ಅರ್ಧ ಇದಕ್ಕೆ, ಹಾಗಾಗಿ ಅವರನ್ನು ತಪ್ಪು ಎನ್ನಲಾರೆ.

ತಳದ ತಗಡಿನ ವಿಷಯದಲ್ಲಿ ನನ್ನ ಗಾಡಿ ಸೋತಿತು. ಹನ್ನೆರಡು ಮಳೆಗಾಲ ಕಂಡ ಗಾಡಿ. ಜಾಕ್ ಕೊಡುವ ಜಾಗದಲ್ಲಿ, ಚಕ್ರದ ಕಮಾನಿನ ಒಳಗೆ ತುಕ್ಕು ಗುಳ್ಳೆ ಎದ್ದಿತ್ತು. ಕೆರೆದು ಕೋಟಿಂಗ್ ಹೊಡೆಸಿದೆ. ಬೆಂಗಳೂರಿನ ವ್ಯಾಗನ್‌ಆರ್‌ನ ತಳ ಒಣಗಿ ಚೊಕ್ಕವಾಗಿತ್ತು. ಹಳೆ ಗಾಡಿ ಕೊಳ್ಳುವ ಮಲೆನಾಡಿನವರು ಬಯಲುಸೀಮೆಯ ಗಾಡಿ ಹುಡುಕುವುದು ಸುಮ್ಮನೆ ಅಲ್ಲ. ಆದರೆ ಅದಕ್ಕೆ ನಮ್ಮ ಗಾಳಿ ಹೊಸತು. ಡಿಕ್ಕಿಯ ರಬ್ಬರ್ ಸೋರಿ ಸ್ಪೇರ್ ಟೈರಿನ ಗುಂಡಿಯಲ್ಲಿ ನೀರು ನಿಂತಿತು, ಸೀಟ್ ಬೆಲ್ಟಿಗೆ ಬೂಷ್ಟು ಹಿಡಿಯಿತು, ಇಲಿ ಬಂದು ವೈರ್ ಕಡಿಯಿತು. ನಾವು ಬಾನೆಟ್ಟಿನೊಳಗೆ ಹೊಗೆಸೊಪ್ಪು ಇಡುತ್ತೇವೆ. ಇಲಿಗಿಂತ ಮೊದಲು ಮೂಗು ಮುಚ್ಚುವುದು ನಾವೇ, ಆದರೂ ಇಡುತ್ತೇವೆ. ಹಳೇ ಎಮ್ಮೆ ಯಾವ ಹೊತ್ತಿಗೆ ಒದೆಯುತ್ತದೆಂದು ಕರೆಯುವವರಿಗೆ ಗೊತ್ತಿರುವ ಹಾಗೆ, ಸ್ವಿಫ್ಟಿನ ಒಂದೊಂದು ಸದ್ದಿನ ಅರ್ಥ ನನಗೆ ಗೊತ್ತು. ಭಾವ ಹೊಸ ಗಾಡಿಯ ಒದೆತಗಳನ್ನು ಈಗ ಒಂದೊಂದಾಗಿ ಕಲಿಯುತ್ತಿದ್ದಾರೆ.

ಖರ್ಚಿನ ಲೆಕ್ಕ ಬೇಗ ಮುಗಿಸುತ್ತೇನೆ. ನಮ್ಮ ಏರಿಳಿತದಲ್ಲಿ ಸ್ವಿಫ್ಟ್ ಲೀಟರಿಗೆ 18 ಕಿಲೋಮೀಟರ್ ಕೊಡುತ್ತದೆ, ವ್ಯಾಗನ್‌ಆರ್ 15. ಡೀಸೆಲ್ 91, ಪೆಟ್ರೋಲ್ 103 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 10,000 ಕಿಲೋಮೀಟರಿಗೆ ಡೀಸೆಲ್‌ಗೆ ಸುಮಾರು 50,500, ಪೆಟ್ರೋಲ್‌ಗೆ 68,700. ಡೀಸೆಲ್ ಸರ್ವಿಸ್ ಮೂರು ಸಾವಿರ ಜಾಸ್ತಿ ಎಂದರೂ ವರ್ಷಕ್ಕೆ ಹದಿನೈದು ಸಾವಿರ ನನಗೆ ಉಳಿಯುತ್ತದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಭಾವನಿಗೆ ಅಗ್ಗ: ಸಾವಿರ ಸಿಸಿ ಒಳಗಿನದಕ್ಕೆ 2,094, ನನ್ನದಕ್ಕೆ 3,416. ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಈ ಉಳಿತಾಯವೆಲ್ಲ ಕರಗಿಹೋಗುತ್ತದೆ; ಅವರಿಗೆ ಪೆಟ್ರೋಲೇ ಸರಿ.

ಬೆಲೆ ಇಳಿಯುವುದರಲ್ಲಿ ಭಾವನಿಗೆ ಇನ್ನೊಂದು ಪೆಟ್ಟು ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ಸೂ ಹೋಯಿತು. ಹೊಸ ಗಾಡಿ ಅಗ್ಗವಾದರೆ ಹಳತರ ಬೆಲೆಯೂ ಕೆಳಗೆ ಬರುತ್ತದೆ, ಅದರಲ್ಲೂ ಎಂಟು ವರ್ಷದ ಗಾಡಿ ಹೆಚ್ಚು ಬೀಳುತ್ತದೆ. ಈಗಾಗಲೇ ಬಿದ್ದುಹೋಗಿರುವ ನನ್ನ ಸ್ವಿಫ್ಟಿಗೆ ಬೀಳಲು ಹೆಚ್ಚು ಎತ್ತರ ಇರಲಿಲ್ಲ. ಹಾಗಾದರೆ ಹೊಸದನ್ನೇ ಕೊಳ್ಳಬಹುದಿತ್ತಲ್ಲ ಎನ್ನುವವರು ನಮ್ಮ ರಾಜ್ಯದ ಆಜೀವ ತೆರಿಗೆ ನೆನಪಿಡಲಿ: 5ರಿಂದ 10 ಲಕ್ಷದ ಕಾರಿಗೆ ಶೇ. 14, ಅದರ ಮೇಲೆ ಸೆಸ್. ಡೆಲ್ಲಿಯ ಹತ್ತು ವರ್ಷದ ಡೀಸೆಲ್ ಗಾಡಿ ಅಗ್ಗ ಎಂದು ಹಿಂದೆ ಬೀಳುವವರಿಗೂ ಇಲ್ಲಿ ಮರುನೋಂದಣಿ ಮಾಡಿಸುವಾಗ ತೆರಿಗೆ ಕಾದಿರುತ್ತದೆ.

ಗಾಡಿಯೇ ಬೇಡ ಎನ್ನುವ ಆಯ್ಕೆಯನ್ನು ನಾನು ಹೆಚ್ಚು ಎಣಿಸಲಿಲ್ಲ. ಹಳ್ಳಿಹಳ್ಳಿಗೆ ಬಸ್ಸು ಓಡಿಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಒಳಊರುಗಳ ಬಸ್ಸು ಏನಾಯಿತೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ರಾತ್ರಿ ಮಣಿಪಾಲದ ಆಸ್ಪತ್ರೆಗೆ ಹೊರಡಬೇಕಾದರೆ ಅಂಗಳದಲ್ಲಿ ಗಾಡಿ ಬೇಕು.

ಮಾರುವವರು ಕಾಗದದಲ್ಲಿ ಎಚ್ಚರ. ಭಾವ ಹೆಸರು ಬದಲಾವಣೆಯ 29, 30ನೇ ಫಾರಂಗಳಿಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ನಿಶ್ಚಿಂತೆಯಾಗಿದ್ದರು. ತಿಂಗಳುಗಳ ಮೇಲೆ, ಅವರು ನೋಡೇ ಇಲ್ಲದ ಊರಿನ ಟ್ರಾಫಿಕ್ ದಂಡ ಅವರ ಫೋನಿಗೆ ಬಂತು. ಹೆಸರು ಬದಲಾಗಿರಲೇ ಇಲ್ಲ. ದಂಡ ಸಣ್ಣದು, ಅಪಘಾತವಾಗಿದ್ದರೆ ಕಥೆಯೇ ಬೇರೆ: ಗಾಡಿ ಕೈಬದಲಾದರೂ ಆರ್‌ಸಿಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅದನ್ನು ಕೊಂಡವರ ಮೇಲೆ ಬಿಡದೆ ನೀವೇ ಮಾಡಿ ಸ್ವೀಕೃತಿ ಇಟ್ಟುಕೊಳ್ಳಿ. ಅಧಿಕೃತ ಡೀಲರ್‌ಗೆ ಕೊಟ್ಟರೆ, ಗಾಡಿ ಒಪ್ಪಿಸಿದ್ದನ್ನು ಆರ್‌ಟಿಒಗೆ ತಿಳಿಸುವ 29ಸಿ ಫಾರಂ ಆಗಿದೆಯೇ ನೋಡಿ. ಇನ್ಶೂರೆನ್ಸಿನ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಗಾಡಿಯದ್ದಲ್ಲ, ನಿಮ್ಮದು. ಸರ್ಟಿಫಿಕೇಟ್ ಕೇಳಿ ಪಡೆದರೆ ಮುಂದಿನ ಗಾಡಿಗೆ ಮೂರು ವರ್ಷದೊಳಗೆ ಹಾಕಿಕೊಳ್ಳಬಹುದು. ಭಾವ ಇದನ್ನು ಮಾತ್ರ ಮರೆಯದೆ ಮಾಡಿದರು, ಶೇ. 50 ಸಿಕ್ಕಿತು.

ನಾನು ಯಾವಾಗ ಮಾರುತ್ತೇನೆ? ಬೆಳಿಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗ ಚೈನಿನ ಗಲಗಲ ನಿಲ್ಲದಿದ್ದರೆ ಅಥವಾ ತುಕ್ಕು ಜಾಕ್ ಜಾಗದಿಂದ ಬಾಗಿಲಿನ ಕೆಳಪಟ್ಟಿಗೆ ಹಬ್ಬಿದರೆ ಕೂಡಲೇ, ರಿಪೇರಿ ಮಾಡಿಸದೆ. ಇವೆರಡೂ ಇಲ್ಲದಿದ್ದರೆ ಆರ್‌ಸಿ 2028ರವರೆಗೆ ಇದೆ. ಹದಿನೈದು ತುಂಬಿದ ಮೇಲೆ ಫಿಟ್‌ನೆಸ್ ಮಾಡಿಸಿ, 5,000 ಶುಲ್ಕ ಕಟ್ಟಿ ಇನ್ನೈದು ವರ್ಷ ಎಳೆಯಬಹುದು, ಆದರೆ ಆರ್‌ಸಿ ಅಂಚಿಗೆ ಬಂದ ಗಾಡಿಗೆ ಗಿರಾಕಿ ಸಿಗುವುದು ಕಷ್ಟ. ಆಷಾಢದಲ್ಲಂತೂ ಯಾರೂ ಕೇಳುವುದಿಲ್ಲ. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ದುಡ್ಡು ಓಡಾಡುವ 2027ರ ಬೇಸಿಗೆಯ ಮೊದಲಲ್ಲಿ ಬ್ರೋಕರ್‌ಗೆ ಮತ್ತೊಮ್ಮೆ ತೋರಿಸುತ್ತೇನೆ. ಆಗಲೂ ಎರಡು ಲಕ್ಷ ಹೇಳಿದರೆ ಕೊಟ್ಟುಬಿಡುತ್ತೇನೆ.