ದಿ ಬಿಗ್ ಇಯರ್ ಸಿನಿಮಾ, ಅದರ ಪುಸ್ತಕ, ಮತ್ತೆ ಆ ಹುಡುಗರ ಬಾತುಕೋಳಿ ಸಿನಿಮಾ: ಮನೆಯವರ ಜೊತೆ ಕೂತು ಹೋಲಿಸಿದಾಗ

ಹಕ್ಕಿ ನೋಡುವ ಗೆಳೆಯರು ಸೇರಿದಾಗಲೆಲ್ಲ ಈ ಮಾತು ಬಂದೇ ಬರುತ್ತೆ. "ದಿ ಬಿಗ್ ಇಯರ್ ಸಿನಿಮಾ ನೋಡಿದ್ಯಾ? ಪುಸ್ತಕ ಅದಕ್ಕಿಂತ ಚೆನ್ನಾಗಿದೆ" ಅಂತ ಒಬ್ಬರು. "ಅದು ಬಿಡಿ, ಆ ಹುಡುಗರು ಬಾತುಕೋಳಿ ಹುಡುಕಿಕೊಂಡು ಹೋಗ್ತಾರಲ್ಲ, ಅದನ್ನ ನೋಡಿ" ಅಂತ ಇನ್ನೊಬ್ಬರು. ಅದು ಎ ಬರ್ಡರ್ಸ್ ಗೈಡ್ ಟು ಎವ್ರಿಥಿಂಗ್ ಅನ್ನೋ ಸಿನಿಮಾ. ಮೂರನ್ನೂ ನಾನು ಹಿಂದೆ ಒಬ್ಬನೇ ಮುಗಿಸಿದ್ದೆ. ಆದರೆ ಇವು ಹಕ್ಕಿ ಹುಚ್ಚಿಗೂ ಮನೆಗೂ ನಡುವೆ ಇರುವ ಎಳೆದಾಟದ ಕತೆಗಳು. ಮನೆಯವರು ಏನಂತಾರೆ ಅಂತ ಕೇಳದೆ ಯಾವುದು ಮೇಲು ಅಂತ ತೀರ್ಪು ಕೊಡೋದು ಸರಿ ಅನ್ನಿಸಲಿಲ್ಲ. ಮೈಸೂರಿನವರಿಗೆ ದಸರಾ ಅಂದ್ರೆ ನೆಂಟರು ಬರುವ ಕಾಲ, ನಾವು ಊರು ಬಿಡುವ ಹಾಗಿಲ್ಲ. ಹಾಗಾಗಿ ಈ ಸಲದ ರಜೆಯಲ್ಲಿ ರಾತ್ರಿ ಊಟ ಆದ ಮೇಲೆ ಹೆಂಡತಿ, ಹದಿನಾಲ್ಕು ವರ್ಷದ ಮಗ, ನಮ್ಮಪ್ಪ ಎಲ್ಲರನ್ನೂ ಕೂರಿಸಿಕೊಂಡು ಎರಡೂ ಸಿನಿಮಾ ನೋಡಿದೆ. ಪುಸ್ತಕವನ್ನು ಬೆಳಗಿನ ಹೊತ್ತು ಮತ್ತೆ ಓದಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಬಿಗ್ ಇಯರ್ ಅಂದ್ರೆ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಒಂದು ಪ್ರದೇಶದಲ್ಲಿ ಎಷ್ಟು ಜಾತಿಯ ಹಕ್ಕಿ ನೋಡೋಕೆ ಆಗುತ್ತೋ ಅಷ್ಟು ನೋಡೋದು. ಕಿವಿಗೆ ಬಿದ್ದ ಕೂಗು ಯಾವ ಹಕ್ಕಿಯದು ಅಂತ ಖಚಿತವಾದರೆ ಅದೂ ಲೆಕ್ಕಕ್ಕೆ ಸೇರುತ್ತೆ. ತೀರ್ಪುಗಾರರು ಯಾರೂ ಬೆನ್ನ ಹಿಂದೆ ಬರಲ್ಲ. ಹೇಳಿದವನ ಮಾತೇ ಸಾಕ್ಷಿ. ಬಹುಮಾನದ ಹಣ ಒಂದು ರೂಪಾಯಿಯೂ ಇಲ್ಲ.

ಮೊದಲು ದಿ ಬಿಗ್ ಇಯರ್. 2011ರಲ್ಲಿ ಬಂದಿದ್ದು, ಡೇವಿಡ್ ಫ್ರಾಂಕೆಲ್ ನಿರ್ದೇಶನ. ಕೆನಡಾ, ಅಮೆರಿಕ ಎರಡೂ ಸುತ್ತುವ ಮೂರು ಜನರ ಪೈಪೋಟಿ. ಓವನ್ ವಿಲ್ಸನ್ ಮಾಡಿರುವ ಬೋಸ್ಟಿಕ್, ಮನೆ ಛಾವಣಿ ಹಾಕಿಸುವ ಕಂಟ್ರಾಕ್ಟರ್, 732 ಹಕ್ಕಿಯ ದಾಖಲೆ ಅವನದೇ. ಸ್ಟೀವ್ ಮಾರ್ಟಿನ್ ಮಾಡಿರುವ ಸ್ಟೂ, ದೊಡ್ಡ ಕಂಪನಿಯ ಮುಖ್ಯಸ್ಥ, ಕೆಲಸ ಬಿಟ್ಟು ಹೊರಟರೂ ಆಫೀಸಿನವರು ಬಿಡಲ್ಲ. ಜ್ಯಾಕ್ ಬ್ಲ್ಯಾಕ್ ಮಾಡಿರುವ ಬ್ರ್ಯಾಡ್, 36 ವರ್ಷ, ಮದುವೆ ಮುರಿದಿದೆ, ಅಪ್ಪ ಅಮ್ಮನ ಮನೇಲಿದ್ದಾನೆ, ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ. ಕೈಯಲ್ಲಿ ದುಡ್ಡಿಲ್ಲ, ಆದರೆ ಕಿವಿ ಮಾತ್ರ ಅದ್ಭುತ. ಬರೀ ಕೂಗು ಕೇಳಿ ಹಕ್ಕಿ ಹೆಸರು ಹೇಳ್ತಾನೆ.

ಕಾಮಿಡಿ ಅಂತ ಹೆಸರು, ಆದರೆ ಬಿದ್ದು ಬಿದ್ದು ನಗುವಂಥದ್ದು ಕಮ್ಮಿ. ಈ ಮೂವರ ಹೆಸರು ನೋಡಿ ಅದನ್ನೇ ಬಯಸಿ ಹೋದವರಿಗೆ ನಿರಾಸೆ ಆಗಿರಬೇಕು. 4.1 ಕೋಟಿ ಡಾಲರ್ ಹಾಕಿ ತೆಗೆದ ಸಿನಿಮಾಕ್ಕೆ 80 ಲಕ್ಷ ಡಾಲರ್ ಕೂಡ ವಾಪಸ್ ಬರಲಿಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಕೆಲವು ಹಕ್ಕಿಗಳು ಹಕ್ಕಿ ನೋಡುವವರ ಕಣ್ಣಿಗೆ ಚುಚ್ಚುತ್ತವೆ. ಇಷ್ಟೆಲ್ಲ ಇದ್ದರೂ ನಾನು ಇದರ ಪರ. ಯಾಕೆ ಅಂತ ಹೇಳ್ತೀನಿ.

ಬೋಸ್ಟಿಕ್‌ನ ಹೆಂಡತಿ ಜೆಸಿಕಾಗೆ ಮಗು ಬೇಕು. ಚಿಕಿತ್ಸೆ ನಡೀತಿದೆ. ಅವನು ಊರಲ್ಲಿರಬೇಕಾದ ದಿನಗಳಲ್ಲೇ ಎಲ್ಲೋ ಒಂದು ಹಕ್ಕಿ ಬಂದ ಸುದ್ದಿ ಬರುತ್ತೆ, ಅವನು ಹೊರಡ್ತಾನೆ. ಜಗಳ ಇಲ್ಲ, ಕೂಗಾಟ ಇಲ್ಲ. ಅವಳು ಒಬ್ಬಳೇ ಕಾಯ್ತಾಳೆ, ಅಷ್ಟೇ. ಆ ಹೊತ್ತಿಗೆ ನನ್ನ ಹೆಂಡತಿ ರಿಮೋಟ್ ತಗೊಂಡು ಸಿನಿಮಾ ನಿಲ್ಲಿಸಿದಳು. "ರೀ, ವರಪೂಜೆ ದಿನ ನಾನೂ ಹಿಂಗೇ ಕೂತಿದ್ದೆ" ಅಂದಳು. ಎರಡು ವರ್ಷದ ಹಿಂದೆ ನನ್ನ ನಾದಿನಿಯ ಮದುವೆ. ಹಿಂದಿನ ದಿನ ಸಂಜೆ ವರಪೂಜೆಗೆ ಮನೆಯ ದೊಡ್ಡಳಿಯ ಇರಬೇಕು ಅಲ್ವಾ? ನಾನು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡೋಕೆ ಹೋಗಿದ್ದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು, ಹೊಲದಲ್ಲಿ ಮೇಯ್ದು ಕೆರೆಗೆ ಇಳಿಯುವಾಗ ಆಕಾಶದ ತುಂಬ ಅದರದ್ದೇ ದನಿ. ಮಧ್ಯಾಹ್ನ ಹೊರಟರೆ ಸಾಕು ಅಂದುಕೊಂಡೆ, ಹೊರಡಲಿಲ್ಲ. ಬೆಳಗ್ಗೆ ಮುಹೂರ್ತದ ಹೊತ್ತಿಗೆ ಬಂದು ಸೇರಿದೆ. ಅವತ್ತು ಅವಳು ನನಗೆ ಏನೂ ಅನ್ನಲಿಲ್ಲ. ಎರಡು ವರ್ಷದ ಮೇಲೆ, ಯಾವುದೋ ಇಂಗ್ಲಿಷ್ ಸಿನಿಮಾದ ನಡುವೆ ಅಂದಳು. ಅವತ್ತು ರಾತ್ರಿ ಉಳಿದ ಸಿನಿಮಾ ನೋಡಲಿಲ್ಲ, ಇಬ್ಬರೂ ಒಂದು ಗಂಟೆವರೆಗೂ ಮಾತಾಡಿದೆವು. ನನ್ನ ಮಟ್ಟಿಗೆ ಈ ಸಿನಿಮಾ ಗೆದ್ದಿದ್ದು ಅಲ್ಲೇ.

ಮರುದಿನ ಉಳಿದದ್ದು ನೋಡಿದೆವು. ಬ್ರ್ಯಾಡ್ ಮತ್ತು ಅವನ ಅಪ್ಪನ ಭಾಗ ಬಂತು. ಅಪ್ಪನಿಗೆ (ಬ್ರಯನ್ ಡೆನ್ನಹಿ ಬಹಳ ಚೆನ್ನಾಗಿ ಮಾಡಿದ್ದಾರೆ) ಮಗನ ಹಕ್ಕಿ ಹುಚ್ಚು ಒಂಚೂರೂ ಹಿಡಿಸಲ್ಲ, ಆಮೇಲೆ ಹೃದಯದ ಕಾಯಿಲೆ. ಚೇತರಿಸಿಕೊಂಡ ಮೇಲೆ ಇಬ್ಬರೂ ಹಿಮ ಬಿದ್ದ ಕಾಡಿಗೆ ದೊಡ್ಡ ಬೂದು ಗೂಬೆ ಹುಡುಕಿಕೊಂಡು ಹೋಗ್ತಾರೆ. ಅಪ್ಪ ಹಿಂದೆ ಬೀಳ್ತಾನೆ, ಮಗ ಮುಂದೆ ಹೋಗ್ತಾನೆ. ಸ್ವಲ್ಪ ದೂರ ಹೋದ ಮೇಲೆ ಮಗನಿಗೆ ಜೀವ ಝಲ್ ಅನ್ನುತ್ತೆ, ಓಡಿ ವಾಪಸ್ ಬರ್ತಾನೆ. ನೋಡಿದರೆ ಅಪ್ಪ ಸುಮ್ನೆ ನಿಂತಿದ್ದಾನೆ, ಆ ಗೂಬೆಯನ್ನೇ ನೋಡ್ತಾ. ನಮ್ಮಪ್ಪ ಅಷ್ಟು ಹೊತ್ತು ಅರ್ಧ ಕಣ್ಣು ಮುಚ್ಚಿಕೊಂಡು ಕೂತಿದ್ದವರು ಎದ್ದು ಕೂತರು. "ಆ ಗೂಬೆ ನಮ್ಮಲ್ಲಿ ಇದ್ಯೇನೋ?" ಅಂತ ಕೇಳಿದರು. ಇಲ್ಲ, ಬೇರೆ ಇವೆ ಅಂದೆ. "ನಾಳೆ ಬೆಳಿಗ್ಗೆ ನಾನೂ ಬರ್ತೀನಿ" ಅಂದರು. ನಾನು ಹಕ್ಕಿ ನೋಡೋಕೆ ಹೋಗ್ತಿರೋ ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಕುಕ್ಕರಹಳ್ಳಿ ಕೆರೆಗೆ ಕರ್ಕೊಂಡು ಹೋದೆ. ಬೈನಾಕ್ಯುಲರ್ ಕೊಟ್ಟರೆ ಅವರಿಗೆ ಎರಡು ಬೇರೆ ಬೇರೆ ಗುಂಡಗಿನ ಚಿತ್ರ ಕಾಣ್ತಿತ್ತು. ಕನ್ನಡಕ ಹಾಕಿಕೊಂಡೇ ನೋಡಲಿ ಅಂತ ಕಣ್ಣಿನ ಹತ್ತಿರದ ರಬ್ಬರ್ ಅಂಚನ್ನು ಮಡಚಿದೆ. ಎರಡು ಕೊಳವೆ ಹತ್ತಿರ ತಂದೆ. ಅವರ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿದೆ, ಆ ಕಡೆಯ ಸಣ್ಣ ಉಂಗುರ ತಿರುಗಿಸುತ್ತಾ ಹೋದೆ. "ನಿಲ್ಲು, ನಿಲ್ಲು" ಅಂದರು. ಎದುರಿಗೆ ಹೆಜ್ಜಾರ್ಲೆ (ಪೆಲಿಕನ್) ಈಜ್ತಿತ್ತು. ಕೊಕ್ಕಿನ ಕೆಳಗಿನ ಚೀಲದಲ್ಲಿ ನೀರು ತುಂಬಿ, ತಲೆ ಕೆಳಗೆ ಮಾಡಿ ನೀರು ಸೋಸಿ, ಆಮೇಲೆ ತಲೆ ಎತ್ತಿ ಮೀನು ನುಂಗಿತು. ಅಪ್ಪ ಬೈನಾಕ್ಯುಲರ್ ಇಳಿಸಲೇ ಇಲ್ಲ, ಕೈ ನಡುಗ್ತಾ ಇದ್ರೂ.

ಈಗ ಪುಸ್ತಕ. ಮಾರ್ಕ್ ಒಬ್ಮಾಸಿಕ್ ಅನ್ನುವ ಪತ್ರಕರ್ತ ಬರೆದಿದ್ದು, 2004ರದ್ದು. ಸಿನಿಮಾ ಇದನ್ನೇ ಇಟ್ಟುಕೊಂಡು ಮಾಡಿದ್ದು, ಹೆಸರುಗಳು ಬದಲಾಗಿವೆ. ನಿಜವಾದ ಪೈಪೋಟಿ ನಡೆದಿದ್ದು 1998ರಲ್ಲಿ. ನ್ಯೂಜೆರ್ಸಿಯ ಛಾವಣಿ ಕಂಟ್ರಾಕ್ಟರ್ ಸ್ಯಾಂಡಿ ಕೊಮಿಟೊ, ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅಲ್ ಲೆವಾಂಟಿನ್, ಅಣು ಸ್ಥಾವರಕ್ಕೆ ಪ್ರೋಗ್ರಾಂ ಬರೆಯುತ್ತಿದ್ದ ಗ್ರೆಗ್ ಮಿಲ್ಲರ್. ಕೊಮಿಟೊ 745 ಮುಟ್ಟಿದರು, ಆಮೇಲೆ ಅದು 748 ಆಯಿತು. ಮಿಲ್ಲರ್ 715, ಲೆವಾಂಟಿನ್ 711. ಮಿಲ್ಲರ್ ಕೆಲಸ ಬಿಡದೆ ಅಷ್ಟು ಮಾಡಿದ್ದು, ಅದು ನನಗೆ ಕೊಮಿಟೊ ಅವರ ದಾಖಲೆಗಿಂತ ದೊಡ್ಡದು ಅನ್ನಿಸುತ್ತೆ. ಸಿನಿಮಾ ಮಾಡುವಾಗ ಹಕ್ಕಿಗಳ ವಿಷಯದಲ್ಲಿ ಸಲಹೆ ಕೊಟ್ಟಿದ್ದೂ ಅವರೇ.

ಅದೇ ವರ್ಷ ಯಾಕೆ ಅಷ್ಟು ಹಕ್ಕಿ ಸಿಕ್ಕವು ಅನ್ನೋದನ್ನ ಪುಸ್ತಕ ಬಿಡಿಸಿ ಹೇಳುತ್ತೆ. 1997–98ರ ಎಲ್ ನಿನೋ, ಅಂದ್ರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವಾಮಾನ ಏರುಪೇರಾಗೋದು, ಬಹಳ ಜೋರಾಗಿತ್ತು. ಗಾಳಿ, ಬಿರುಗಾಳಿ ದಾರಿ ತಪ್ಪಿಸಿದ ಹಕ್ಕಿಗಳು ಅಮೆರಿಕದ ಅಂಚುಗಳಿಗೆ ಬಂದು ಬಿದ್ದವು. ಅಲಾಸ್ಕದ ತುತ್ತತುದಿಯಲ್ಲಿ ಅಟ್ಟು ಅಂತ ದ್ವೀಪ ಇದೆ, ಎರಡನೇ ಮಹಾಯುದ್ಧದಲ್ಲಿ ಜಪಾನ್ ಹಿಡಿದಿದ್ದ ಜಾಗ. ಪಶ್ಚಿಮದ ಗಾಳಿ ಬೀಸಿದರೆ ಏಷ್ಯಾದ ಹಕ್ಕಿಗಳು ಅಲ್ಲಿ ಇಳಿಯುತ್ತವೆ. ಹಕ್ಕಿ ನೋಡುವವರು ಕೆಸರಲ್ಲಿ, ಚಳಿಯಲ್ಲಿ ಸೈಕಲ್ ತುಳ್ಕೊಂಡು ಅವನ್ನು ಹುಡುಕ್ತಿದ್ದರು. 2000ದ ನಂತರ ಅಲ್ಲಿಗೆ ಪ್ರತಿ ವರ್ಷ ಹೋಗುತ್ತಿದ್ದ ಆ ಪ್ರವಾಸಗಳೇ ನಿಂತವು. ಸಿನಿಮಾದಲ್ಲೂ ಅಟ್ಟು ಇದೆ, ಸೈಕಲ್ಲೂ ಇದೆ, ನೋಡೋಕೆ ಮಜಾ ಇದೆ. ಆದರೆ ಆ ಗಾಳಿಗೂ ಹಕ್ಕಿಗೂ ಇರುವ ಸಂಬಂಧ ಪುಸ್ತಕ ಓದಿದರೆ ಮಾತ್ರ ತಲೆಗೆ ಹತ್ತೋದು.

ಪುಸ್ತಕದಿಂದ ನನಗೆ ಹಿಡಿದ ಇನ್ನೊಂದು ವಿಷಯ ಹಿಮಾಲಯದ ಸ್ನೋಕಾಕ್. ನಮ್ಮ ಕಡೆಯ ಎತ್ತರದ ಬೆಟ್ಟಗಳ ಹಕ್ಕಿ, ದೊಡ್ಡ ಕೌಜುಗದ ಹಾಗಿರುತ್ತೆ. ಅದು ಅಮೆರಿಕದ ನೆವಾಡ ರಾಜ್ಯದ ರೂಬಿ ಬೆಟ್ಟಗಳಲ್ಲಿ ಹೇಗಿದೆ ಅಂದ್ರೆ, 1963ರಿಂದ ಪಾಕಿಸ್ತಾನದ ಹುಂಜಾ ಕಡೆಯಿಂದ ತಂದು ಬೇಟೆಗಾಗಿ ಬಿಟ್ಟಿದ್ದು. ಅಲ್ಲೇ ಬೇರು ಬಿಟ್ಟಿದೆ. ಈಗ ಅಮೆರಿಕದಲ್ಲಿ ಲಿಸ್ಟ್ ಮಾಡುವವರು ಅದಕ್ಕಾಗಿ ಬೆಟ್ಟ ಹತ್ತಬೇಕು, ಇಲ್ಲಾಂದ್ರೆ ಹೆಲಿಕಾಪ್ಟರ್ ಮಾಡಬೇಕು.

ಪುಸ್ತಕದ ತೊಂದರೆ ಒಂದೇ. ಮನೆಯವರಿಗೆ ಓದಿಸೋಕೆ ಆಗಲ್ಲ. ಹೆಂಡತಿ ಇಪ್ಪತ್ತು ಪುಟ ಓದಿ ಕೆಳಗಿಟ್ಟಳು. ಹಕ್ಕಿ ಹೆಸರು ಜಾಸ್ತಿ, ಊರು ಜಾಸ್ತಿ. ಮನೆಗಳ ಒಳಗೆ ಏನಾಯಿತು ಅನ್ನೋದೂ ಸಿನಿಮಾದಷ್ಟು ಹತ್ತಿರದಿಂದ ಕಾಣಲ್ಲ. ನಿಜವಾದ ಜನರ ಬಗ್ಗೆ ಬರೆಯುವಾಗ ಅಷ್ಟು ಸಂಕೋಚ ಇರಬೇಕಾದ್ದೇ.

ಮೂರನೆಯದು ಎ ಬರ್ಡರ್ಸ್ ಗೈಡ್ ಟು ಎವ್ರಿಥಿಂಗ್, 2013ರ ಸಿನಿಮಾ. ಇಲ್ಲಿ ಲೆಕ್ಕ ಇಲ್ಲ, ದಾಖಲೆ ಇಲ್ಲ. ಹದಿನೈದು ವರ್ಷದ ಡೇವಿಡ್‌ಗೆ ಅಮ್ಮ ತೀರಿಹೋಗಿದ್ದಾಳೆ. ಹಕ್ಕಿ ನೋಡೋದು ಕಲಿಸಿದ್ದು ಅಮ್ಮನೇ. ಅಪ್ಪ ಇನ್ನೊಂದು ಮದುವೆಗೆ ತಯಾರಾಗಿದ್ದಾನೆ. ಅಷ್ಟರಲ್ಲಿ ಹುಡುಗನ ಕಣ್ಣಿಗೆ ಒಂದು ಬಾತು ಬೀಳುತ್ತೆ. 1870ರ ದಶಕದಲ್ಲೇ ಕೊನೆಯ ಸಲ ಕಂಡು ಅಳಿದುಹೋದ ಲ್ಯಾಬ್ರಡಾರ್ ಬಾತು ಇರಬಹುದಾ ಅಂತ ಗೆಳೆಯರನ್ನು ಕಟ್ಟಿಕೊಂಡು ಹೊರಡ್ತಾನೆ. ಗಾಂಧೀಜಿ ಪಾತ್ರ ಮಾಡಿದ ಬೆನ್ ಕಿಂಗ್ಸ್ಲಿ ಇಲ್ಲಿ ಹಕ್ಕಿ ಪಂಡಿತ. ಸಣ್ಣ ಸಿನಿಮಾ, ಒಂದೂವರೆ ಗಂಟೆಯೂ ಇಲ್ಲ. ಆ ವಯಸ್ಸಿನ ಹುಡುಗರ ಪೋಲಿ ಮಾತು ಒಂದಿಷ್ಟಿದೆ, ಅಜ್ಜ ಪಕ್ಕದಲ್ಲಿದ್ದಾಗ ಮಗನಿಗೆ ಮುಜುಗರ ಆಯ್ತು. ದೊಡ್ಡವರ ಪಾತ್ರಗಳು ತೆಳು.

ಆದರೆ ಮಗ ಕಣ್ಣು ಕೀಳದೆ ನೋಡಿದ್ದು ಇದನ್ನೇ. ಬಿಗ್ ಇಯರ್ ನಡುವೆ ಅವನು ಮೊಬೈಲ್ ತೆಗೆದಿದ್ದ. ಇದು ಮುಗಿದ ಕೂಡಲೇ "ಅಪ್ಪ, ನಮ್ಮಲ್ಲಿ ಹಂಗೆ ಹೋಗ್ಬಿಟ್ಟಿರೋ ಬಾತು ಇದ್ಯಾ?" ಅಂದ. ಗುಲಾಬಿ ತಲೆಯ ಬಾತಿನ ಕತೆ ಹೇಳಿದೆ. ಭಾರತದ ಕಾಡಲ್ಲಿ ಕೊನೆಯ ಸಲ ಖಚಿತವಾಗಿ ಕಂಡಿದ್ದು 1935ರಲ್ಲಿ, ಬಿಹಾರದಲ್ಲಿ. "ಯಾರಾದ್ರೂ ಹುಡುಕ್ತಿದಾರಾ?" ಅಂದ. 1900ರಿಂದ ಯಾರಿಗೂ ಕಾಣದಿದ್ದ ಜೆರ್ಡಾನ್ಸ್ ಕೋರ್ಸರ್ ಅನ್ನುವ ಹಕ್ಕಿ 1986ರಲ್ಲಿ ಕಡಪ ಕಡೆ ಮತ್ತೆ ಸಿಕ್ಕಿದ್ದನ್ನು ಹೇಳಿದೆ. ಅವತ್ತು ಅವನು ಮಲಗಿದ್ದು ಹನ್ನೆರಡರ ಮೇಲೆ.

ಹಾಗಾದ್ರೆ ಯಾವುದು? ಹಕ್ಕಿ ಹಿಂದೆ ಓಡುವವರು ಒಬ್ಬರಿದ್ದು, ಕಾಯುವವರು ಇನ್ನೊಬ್ಬರಿರುವ ಮನೆಯಾದರೆ ದಿ ಬಿಗ್ ಇಯರ್ ನೋಡಿ, ಇಬ್ಬರೂ ಜೊತೆಗೆ ಕೂತೇ ನೋಡಿ. ಒಬ್ಬನೇ ನೋಡಿದ್ದಾಗ ನಾನು ಅದನ್ನು ಬೋಸ್ಟಿಕ್‌ನ ಗೆಲುವಿನ ಕತೆ ಅಂತ ನೋಡಿದ್ದೆ, ಜೆಸಿಕಾ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮಕ್ಕಳಿಗೆ ಬಾತುಕೋಳಿ ಸಿನಿಮಾ. ಪುಸ್ತಕ ಹಕ್ಕಿಯವರಿಗೆ ಮಾತ್ರ, ಅದೂ ಸಿನಿಮಾ ಆದ ಮೇಲೆ. ಮೊದಲೇ ಓದಿದರೆ ಸಿನಿಮಾದಲ್ಲಿ ಹಕ್ಕಿ ತಪ್ಪುಗಳನ್ನೇ ಹುಡುಕುತ್ತಾ ಕೂರ್ತೀರಿ. ನಾನು ಮೊದಲ ಸಲ ಮಾಡಿದ್ದು ಅದನ್ನೇ.

ಅಪ್ಪನಿಗೆ ಸಣ್ಣದೊಂದು ನೋಟ್‌ಬುಕ್ ತಂದುಕೊಟ್ಟಿದ್ದೀನಿ. ಹೆಜ್ಜಾರ್ಲೆ, ಹಾವಕ್ಕಿ, ಮಿಂಚುಳ್ಳಿ, ನಾಮದ ಕೋಳಿ ಅಂತ ನಾಲ್ಕು ಬರೆದಿದ್ದಾರೆ. ಜನವರಿಯಲ್ಲಿ ಮಾಗಡಿ ಕೆರೆಗೆ ಎಲ್ಲರೂ ಒಟ್ಟಿಗೆ ಹೋಗೋದು ಅಂತ ಆಗಿದೆ, ದಿನ ಗೊತ್ತು ಮಾಡೋದು ನನ್ನ ಹೆಂಡತಿ.