ಅಂಬಾಲದ ಮೈಕ್ರೋಸ್ಕೋಪು, ನಮ್ಮೂರ ಕೆರೆ ನೀರು

ಎಂಟನೇ ಕ್ಲಾಸಿನ ಮಕ್ಕಳಿಗೆಂದು ಆರು ತಿಂಗಳ ಹಿಂದೆ ಸ್ವಂತ ದುಡ್ಡಲ್ಲಿ ಹರಿಯಾಣದ ಅಂಬಾಲದ ಮೈಕ್ರೋಸ್ಕೋಪು ತರಿಸಿದೆ. 4, 10, 40 ಪಟ್ಟು ದೊಡ್ಡದು ಮಾಡುವ ಮೂರು ಲೆನ್ಸು, ಕೆಳಗೆ ಎಲ್‌ಇಡಿ ದೀಪ.

ಕೆರೆ ನೀರಲ್ಲಿ ಭತ್ತದ ಹುಲ್ಲು ನೆನೆಸಿ ಒಂದು ವಾರ ಇಟ್ಟಿದ್ದೆ. 10ರಲ್ಲಿ ನೋಡಿದರೆ ಹನಿ ತುಂಬ ಪ್ಯಾರಮೀಸಿಯಂ ಎಂಬ ಒಂದೇ ಕೋಶದ ಜೀವಿಗಳು! ಓಟ ಎಷ್ಟು ಜೋರೆಂದರೆ ಕಣ್ಣು ಸೋಲುತ್ತದೆ. ಹತ್ತಿಯ ನಾಲ್ಕೆಳೆ ಹಾಕಿ, ಸಿಕ್ಕಿಕೊಂಡ ಒಂದನ್ನು 40ರಲ್ಲಿ ಹಿಡಿದೆ. ಮೈಯ ಎರಡೂ ತುದಿಯ ಬಳಿ ಗುಳ್ಳೆ ಉಬ್ಬುತ್ತದೆ, ಫಕ್ಕನೆ ಮಾಯವಾಗುತ್ತದೆ, ಮತ್ತೆ ಉಬ್ಬುತ್ತದೆ. "ಮಿಸ್, ಇದರ ಹೃದಯ ಬಡೀತಿದೆ!" ಎಂದಳು ಒಬ್ಬಳು. ಹೃದಯ ಅಲ್ಲಮ್ಮ, ಒಳಗೆ ನುಗ್ಗಿದ ನೀರನ್ನು ಹೊರಗೆ ದೂಡುತ್ತಿದೆ ಎಂದೆ. ಯಾರೂ ಜಾಗ ಬಿಟ್ಟು ಕದಲಲಿಲ್ಲ.

ಇದಕ್ಕೆ ದೊಡ್ಡದು, ಚಿಕ್ಕದು ಎಂದು ಎರಡು ಬಗೆಯ ನ್ಯೂಕ್ಲಿಯಸ್ (ಕೋಶಕೇಂದ್ರ). ಮೀಥೈಲ್ ಗ್ರೀನ್ ಎಂಬ ಬಣ್ಣ ಹಾಕಿದಾಗ ದೊಡ್ಡ ನ್ಯೂಕ್ಲಿಯಸ್ ಹಸಿ ಅವರೆಕಾಳಿನ ಹಾಗೆ ಎದ್ದು ಕಂಡಿತು. ಪಕ್ಕದ ಚಿಕ್ಕದು ಈ ಮೈಕ್ರೋಸ್ಕೋಪಿನಲ್ಲಿ ನನಗೆ ಕಾಣಲಿಲ್ಲ, ಅದೊಂದೇ ಬೇಸರ. ದಿನದ ಸಂಸಾರ ದೊಡ್ಡದರದ್ದು. ವಂಶ ದಾಟಿಸುವುದು ಚಿಕ್ಕದು. ಎರಡು ಜೀವಿ ಕೂಡಿ ಚಿಕ್ಕ ನ್ಯೂಕ್ಲಿಯಸ್ಸಿನ ಪಾಲು ಬದಲಾಯಿಸಿಕೊಂಡ ಮೇಲೆ ಹಳೇ ದೊಡ್ಡದು ಚೂರಾಗಿ ಕರಗುತ್ತದೆ, ಹೊಸದು ಚಿಕ್ಕದರಿಂದಲೇ ಹುಟ್ಟುತ್ತದೆ. ಯಾವುದು ಯಾವುದರ ಜೊತೆ ಕೂಡುತ್ತದೆ ಎಂಬುದಕ್ಕೂ ಪಂಗಡಗಳಿವೆ ಎಂದು ಅಮೆರಿಕದ ಜೀವವಿಜ್ಞಾನಿ ಟ್ರೇಸಿ ಸೋನೆಬಾರ್ನ್ ಕಂಡುಕೊಂಡದ್ದು 1937ರಲ್ಲಿ.

ಫೈನ್ ಫೋಕಸಿನ ತಿರುಪು ಮೂರನೇ ತಿಂಗಳಿಗೇ ಸಡಿಲವಾಯಿತು. ಮಾರಿದವರು ಫೋನ್ ಎತ್ತಲಿಲ್ಲ, ಊರಿನ ವಾಚ್ ರಿಪೇರಿಯವರು ಸರಿ ಮಾಡಿಕೊಟ್ಟರು. ಆದರೂ ಶಾಲೆಗೆ ಧೈರ್ಯವಾಗಿ ತಗೊಳ್ಳಿ. 40ರ ಲೆನ್ಸ್ ಇಲ್ಲದ್ದು ಮಾತ್ರ ಬೇಡ.