ಒಂದೇ ಕಂಠ, ಮೂರು ಸಂಗೀತ

ಹಳೆಯ ಕನ್ನಡ ಚಿತ್ರಗೀತೆಗಳ ಹುಚ್ಚಿರುವ ನಾಲ್ಕು ಮಂದಿ ಒಂದೆಡೆ ಸೇರಿದರೆ ಈ ವಾದ ಏಳದೆ ಇರುವುದಿಲ್ಲ: ಜಿ.ಕೆ. ವೆಂಕಟೇಶ್ ಹೆಚ್ಚೋ, ವಿಜಯಭಾಸ್ಕರ್ ಹೆಚ್ಚೋ, ರಾಜನ್–ನಾಗೇಂದ್ರ ಹೆಚ್ಚೋ? ವಾದ ಬಗೆಹರಿದದ್ದನ್ನು ಮಾತ್ರ ನಾನು ಕಂಡಿಲ್ಲ. ಒಬ್ಬರು ಎಸ್. ಜಾನಕಿಯವರ ಹಾಡನ್ನು ಮುಂದಿಟ್ಟರೆ ಇನ್ನೊಬ್ಬರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದನ್ನು ಎದುರಿಗಿಡುತ್ತಾರೆ. ಸಂಗೀತ ನಿರ್ದೇಶಕರ ಹೆಸರಿನಲ್ಲಿ ನಡೆಯುವುದು ಗಾಯಕರ ಜಗಳ.

ಹಾಗಾಗಿ ಕಂಠವನ್ನು ಒಂದಕ್ಕೇ ಕಟ್ಟಿಹಾಕಿ ನೋಡೋಣವೆನಿಸಿತು. ಮೂವರಿಗೂ ಧಾರಾಳವಾಗಿ ಹಾಡಿದವರು ಪಿ.ಬಿ. ಶ್ರೀನಿವಾಸ್. ಕಾಲಕ್ಕೂ ಬೇಲಿ ಹಾಕಿದೆ: 1971ರಿಂದ 1974. ಆ ಕೊನೆಯ ವರ್ಷ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ‘ಯಾರೇ ಕೂಗಾಡಲಿ’ ಎಂದು ತಾವೇ ಹಾಡಿದರು. ಅಲ್ಲಿಂದ ಮುಂದೆ ಅವರ ಪಾತ್ರಗಳಿಗೆ ಪಿ.ಬಿ.ಎಸ್. ದನಿಯ ಅಗತ್ಯ ಕಡಿಮೆಯಾಗುತ್ತ ಹೋಯಿತು. ಪರೀಕ್ಷೆಯೂ ಸರಳ. ಹಾಡನ್ನು ಇಯರ್‌ಫೋನಿನಲ್ಲಿ ಕೇಳುವುದು, ಹಾರ್ಮೋನಿಯಂ ಮೇಲೆ ಹುಡುಕಿ ನುಡಿಸುವುದು, ಆಮೇಲೆ ಯಾವ ವಾದ್ಯವೂ ಇಲ್ಲದೆ ಕೆಲಸ ಮಾಡುತ್ತ ಹಾಡಿಕೊಳ್ಳುವುದು. ಹಾರ್ಮೋನಿಯಂ ಮೇಲೆ ನನ್ನ ಕೈ ಅಷ್ಟಕ್ಕಷ್ಟೇ ಎಂಬುದು ಓದುಗರ ಗಮನದಲ್ಲಿರಲಿ.

ಮೊದಲು ಗುನುಗುವ ವಿಷಯ ಮುಗಿಸಿಬಿಡುತ್ತೇನೆ, ಏಕೆಂದರೆ ಅಲ್ಲಿ ಪೈಪೋಟಿಯೇ ಇಲ್ಲ. ಮೈಸೂರಿನ ಅಣ್ಣತಮ್ಮಂದಿರಾದ ರಾಜನ್–ನಾಗೇಂದ್ರರೇ ಗೆದ್ದರು. ‘ಗಂಧದ ಗುಡಿ’ಯ (1973) ‘ನಾವಾಡುವ ನುಡಿಯೇ ಕನ್ನಡ ನುಡಿ’ಯನ್ನು ಪ್ರತಿ ನವೆಂಬರಿನಲ್ಲಿ ಶ್ರುತಿಯ ಗಂಧವಿಲ್ಲದವರೂ ಧೈರ್ಯವಾಗಿ ಹಾಡುತ್ತಾರಲ್ಲ, ಅದಕ್ಕೆ ಭಾಷಾಭಿಮಾನದಷ್ಟೇ ಕಾರಣ ಆ ಧಾಟಿಯ ಔದಾರ್ಯ. ಅಂದದ ಗುಡಿ, ಚೆಂದದ ಗುಡಿ ಎಂದು ಸಾಲು ತುಂಡು ತುಂಡಾಗಿ ಬರುತ್ತದೆ. ಪ್ರತಿ ತುಂಡಿನ ಕೊನೆಗೂ ಉಸಿರು ತೆಗೆದುಕೊಳ್ಳಲು ಜಾಗವಿದೆ. ‘ಎರಡು ಕನಸು’ (1974) ಚಿತ್ರದ ‘ಎಂದೆಂದೂ ನಿನ್ನನು ಮರೆತು’ ಇದಕ್ಕಿಂತ ನಾಜೂಕಾದದ್ದು. ವಾಣಿ ಜಯರಾಂ ಜೊತೆಗಿನ ಆ ಯುಗಳಗೀತೆಯ ಪಲ್ಲವಿ ಹಾರ್ಮೋನಿಯಂಗೂ ಬೇಗನೆ ಒಲಿಯಿತು. ಆದರೆ ಪದಗಳನ್ನು ಬಿಟ್ಟು ಬರೀ ರಾಗವನ್ನು ಗುನುಗಿದಾಗಲೂ ನನಗೆ ಏನೂ ಕಳೆದುಕೊಂಡಂತೆ ಅನಿಸಲಿಲ್ಲ. ರಾಜನ್–ನಾಗೇಂದ್ರರ ಹೆಚ್ಚುಗಾರಿಕೆ ಅದೇ, ನನ್ನ ತಕರಾರೂ ಅದೇ. ಅವರ ಧಾಟಿಗೆ ಸಾಹಿತ್ಯದ ಹಂಗು ಕಡಿಮೆ.

ಜಿ.ಕೆ. ವೆಂಕಟೇಶ್ ಅವರಲ್ಲಿ ಇದು ತಿರುಗುಮುರುಗು. ‘ಬಂಗಾರದ ಮನುಷ್ಯ’ದ (1972) ‘ಆಗದು ಎಂದು ಕೈಲಾಗದು ಎಂದು’ ಹಾಡನ್ನು ಕಾಗದದ ಮೇಲೆ ಓದಿ ನೋಡಿ. ಕಾವೇರಿ, ಕನ್ನಂಬಾಡಿ, ವಿಶ್ವೇಶ್ವರಯ್ಯನವರ ಶ್ರಮ, ‘ಕಟ್ಟದಿದ್ದರೆ’ ಏನಾಗುತ್ತಿತ್ತು ಎಂಬ ತರ್ಕ: ಇದು ವೇದಿಕೆಯ ಭಾಷಣಕ್ಕೆ ಒಗ್ಗುವ ಸರಕು. ‘ವಿಶ್ವೇಶ್ವರಯ್ಯ’ ಎಂಬ ಒತ್ತಕ್ಷರಗಳ ಹೆಸರನ್ನು ತಾಳಕ್ಕೆ ಕೂರಿಸುವುದೆಂದರೆ ಹುಡುಗಾಟವಲ್ಲ. ವೆಂಕಟೇಶ್ ಅದನ್ನು ಬಗ್ಗಿಸಲೂ ಇಲ್ಲ, ಎಳೆಯಲೂ ಇಲ್ಲ. ನಾವು ಆ ಹೆಸರನ್ನು ಹೇಗೆ ಉಚ್ಚರಿಸುತ್ತೇವೋ ಹಾಗೆಯೇ ಪಿ.ಬಿ.ಎಸ್. ಹಾಡುತ್ತಾರೆ, ಹಾಡು ಮುಗ್ಗರಿಸುವುದಿಲ್ಲ.

ಅವರ ನಿಜವಾದ ಪಟ್ಟು ಕಾಣಿಸುವುದು ‘ಕಸ್ತೂರಿ ನಿವಾಸ’ದಲ್ಲಿ (1971). ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡು ಬೀಳಿಸಿದರೂ ಎದ್ದು ನಿಲ್ಲುವ ಬೊಂಬೆಯನ್ನು ಮುಂದಿಟ್ಟುಕೊಂಡು ಹಾಡಿದ ಆತ್ಮವಿಶ್ವಾಸದ ಹಾಡು. ಅದೇ ಧಾಟಿ ಚಿತ್ರದಲ್ಲಿ ಇನ್ನೊಮ್ಮೆ ‘ಆಡಿಸಿದಾತ ಬೇಸರ ಮೂಡಿ’ ಎಂದು ಸಾವಿನ ಹಾಡಾಗಿ ಬರುತ್ತದೆ. ಎರಡನ್ನೂ ಒಂದರ ಹಿಂದೊಂದು ಕೇಳಿದೆ, ನುಡಿಸಿದೆ. ಸ್ವರಗಳನ್ನು ಹುಡುಕಲು ಎರಡನೆಯ ಸಲ ಹೊಸದಾಗಿ ಕಷ್ಟಪಡಬೇಕಾಗಲಿಲ್ಲ. ನಡೆ ನಿಧಾನವಾಗಿದೆ, ದನಿ ಕುಸಿದಿದೆ, ಅಷ್ಟೇ. ಹಾಗಿದ್ದೂ ಮೊದಲನೆಯದು ಎದೆಯುಬ್ಬಿಸುತ್ತದೆ, ಎರಡನೆಯದು ಗಂಟಲು ಕಟ್ಟಿಸುತ್ತದೆ. ಒಂದೇ ರಾಗಸಂಯೋಜನೆಯನ್ನು ಸಂತೋಷಕ್ಕೂ ದುಃಖಕ್ಕೂ ಬಳಸುವುದು ಚಿತ್ರರಂಗದಲ್ಲಿ ಹೊಸತೇನಲ್ಲ. ಆದರೆ ಬಹುಪಾಲು ದುಃಖದ ಆವೃತ್ತಿಗಳು ಹಳೆಯ ಹಾಡಿನ ನೆನಪಿನ ಮೇಲೆಯೇ ಬದುಕುತ್ತವೆ. ‘ಆಡಿಸಿದಾತ’ಕ್ಕೆ ಆ ಆಸರೆ ಬೇಕಿಲ್ಲ. ಮೊದಲ ಹಾಡನ್ನು ಕೇಳಿಯೇ ಇಲ್ಲದವರಿಗೆ ಇದನ್ನು ಕೇಳಿಸಿ ನೋಡಿ. ಇಂಥ ಗಟ್ಟಿ ಕಟ್ಟಡ ಕಟ್ಟಿದವರ ಬಳಿ ಇಳಯರಾಜ ಸಹಾಯಕರಾಗಿದ್ದರು ಎನ್ನುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ವಿಜಯಭಾಸ್ಕರ್ ಮಾತ್ರ ನನ್ನ ಹಾರ್ಮೋನಿಯಂಗೆ ಸಿಗಲೇ ಇಲ್ಲ. ‘ನಾಗರಹಾವು’ (1972) ಚಿತ್ರದ ‘ಬಾರೆ ಬಾರೆ ಚೆಂದದ ಚೆಲುವಿನ ತಾರೆ’ಯನ್ನು ನುಡಿಸಲು ಹೋದರೆ ಸ್ವರಗಳೆಲ್ಲ ಸರಿಯಾಗಿಯೇ ಬರುತ್ತವೆ, ಹಾಡು ಬರುವುದಿಲ್ಲ. ಹಾಡು ಇರುವುದು ಒಂದು ಸ್ವರದ ಮನೆಯಿಂದ ಇನ್ನೊಂದಕ್ಕೆ ಜಾರುವ ಆ ಹಾದಿಯಲ್ಲಿ. ಹಾರ್ಮೋನಿಯಂ ಮನೆಗಳನ್ನು ಮುಟ್ಟುತ್ತದೆ, ಹಾದಿಯನ್ನು ತೋರಿಸಲಾರದು. ತೆರೆಯ ಮೇಲೆ ಇದು ಸ್ಲೋ ಮೋಷನ್‌ನಲ್ಲಿ ಚಿತ್ರಿಸಿದ ಹಾಡು. ಕಣ್ಣು ಮುಚ್ಚಿ ಕೇಳಿದರೂ ಆ ತೇಲುವಿಕೆ ತಿಳಿಯುತ್ತದೆ: ‘ಬಾರೆ’, ‘ತಾರೆ’, ‘ಧಾರೆ’ಗಳ ದೀರ್ಘಸ್ವರದ ಮೇಲೆ ಪಿ.ಬಿ.ಎಸ್. ಅವಸರವಿಲ್ಲದೆ ನಿಲ್ಲುತ್ತಾರೆ. ಅದೇ ಚಿತ್ರದ ‘ಕನ್ನಡ ನಾಡಿನ ವೀರ ರಮಣಿಯ’ ಹಾಡಿನಲ್ಲಿ ಒನಕೆ ಓಬವ್ವನ ಕಥೆ ಹೇಳಬೇಕಾದಾಗ ಅದೇ ಕಂಠ ಲಾವಣಿಕಾರನದಾಗುತ್ತದೆ. ಹಾಡಿದವರು ಒಬ್ಬರೇ ಎಂಬುದನ್ನು ಮರೆಸುವಷ್ಟು ದೂರಕ್ಕೆ ಗಾಯಕನನ್ನು ಒಯ್ಯುವ ಶಕ್ತಿ ಉಳಿದಿಬ್ಬರಲ್ಲಿ ನನಗೆ ಕಾಣಲಿಲ್ಲ. ಒಂದು ತೊಂದರೆಯೂ ಇದೆ: ಪಾತ್ರೆ ತೊಳೆಯುತ್ತ ಹಾಡಿಕೊಳ್ಳಲು ವಿಜಯಭಾಸ್ಕರ್ ಒದಗುವುದಿಲ್ಲ. ಅರ್ಧಕ್ಕೆ ನಿಲ್ಲಿಸಿ ಮೂಲವನ್ನೇ ಕೇಳಬೇಕೆನಿಸುತ್ತದೆ.

ಹೋಲಿಸಿ ಕೇಳುವ ಆಸೆಯುಳ್ಳವರಿಗೆ ನಡುವೆ ಒಂದು ಎಚ್ಚರಿಕೆ. ಮೊಬೈಲ್ ಆ್ಯಪ್‌ಗಳಲ್ಲಿ ಒಂದೇ ಹಾಡು ಹಲವು ವೇಷಗಳಲ್ಲಿ ಸಿಗುತ್ತದೆ. ಎಡಬಲವೆಂಬ ಭೇದವಿಲ್ಲದ ಮಾನೋ ಧ್ವನಿಮುದ್ರಣಕ್ಕೆ ಪ್ರತಿಧ್ವನಿ ಬಳಿದು, ಎಡಬಲ ಹಂಚಿ, ತಬಲಾದ ಸದ್ದನ್ನು ಉಬ್ಬಿಸಿದವು ಅವುಗಳಲ್ಲಿ ಕೆಲವು. ಬೇರೆಯವರು ಹಾಡಿದ ಪ್ರತಿಗಳೂ ನುಸುಳಿರುತ್ತವೆ. ಒಂದು ಆ್ಯಪ್‌ನಲ್ಲಂತೂ ಸಂಗೀತ ನಿರ್ದೇಶಕರ ಜಾಗದಲ್ಲಿ ನಾಯಕನಟನ ಹೆಸರಿತ್ತು. ಚರಪರ ಸದ್ದಿದ್ದರೂ ಸರಿ, ಕೈಯಾಡಿಸದ ಮಾನೋ ಪ್ರತಿಯನ್ನೇ ಹುಡುಕಿ. ವಾದ್ಯವೃಂದ ಗಾಯಕನ ಹಿಂದೆ ಎಷ್ಟು ದೂರದಲ್ಲಿ ನಿಂತಿದೆ ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ.

ನಾನು ಹಾಕಿದ ಬೇಲಿಯೊಳಗೆ ನನ್ನ ಓಟು ಜಿ.ಕೆ. ವೆಂಕಟೇಶ್ ಅವರಿಗೆ. ‘ಆಡಿಸಿ ನೋಡು’ ಮತ್ತು ‘ಆಡಿಸಿದಾತ’ದ ಜೋಡಿಗೆ ಎದುರು ನಿಲ್ಲುವಂಥದ್ದು ಆ ನಾಲ್ಕು ವರ್ಷಗಳ ಪಿ.ಬಿ.ಎಸ್. ಹಾಡುಗಳಲ್ಲಿ ನನಗೆ ಸಿಗಲಿಲ್ಲ. ಹಳೆಯ ಹಾಡುಗಳ ಪರಿಚಯವೇ ಇಲ್ಲದವರಿಗೆ ಮಾತ್ರ ‘ಎರಡು ಕನಸು’ವಿನಿಂದ ಶುರುಮಾಡಿ ಎನ್ನುತ್ತೇನೆ, ಅಲ್ಲಿ ಸಿಕ್ಕಿಬಿದ್ದವರು ಮಿಕ್ಕಿದ್ದಕ್ಕೆ ತಾವಾಗಿಯೇ ಬರುತ್ತಾರೆ.

ವಿಜಯಭಾಸ್ಕರ್ ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಬೇಂದ್ರೆಯವರ ‘ಮೂಡಲ ಮನೆಯ’ ಕವಿತೆಗೆ 1967ರ ‘ಬೆಳ್ಳಿಮೋಡ’ದಲ್ಲಿ ಅವರು ಮಾಡಿದ್ದು ನನ್ನ ಬೇಲಿಯ ಆಚೆಗಿದೆ, ಅದೂ ಜಾನಕಿಯವರ ದನಿಯಲ್ಲಿ. ಮುಂದಿನ ಸುತ್ತಿನಲ್ಲಿ ಕಂಠ ಜಾನಕಿಯವರದೇ ಆಗಲಿ: ‘ಗೆಜ್ಜೆಪೂಜೆ’ಯ ‘ಗಗನವು ಎಲ್ಲೋ’, ‘ಎರಡು ಕನಸು’ವಿನ ‘ಪೂಜಿಸಲೆಂದೇ ಹೂಗಳ ತಂದೆ’, ‘ಸನಾದಿ ಅಪ್ಪಣ್ಣ’ದ ‘ಕರೆದರೂ ಕೇಳದೆ’. ಕೊನೆಯದರಲ್ಲಿ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಯೂ ಇರುವುದರಿಂದ ಉಳಿದೆರಡಕ್ಕೆ ಒಂದಿಷ್ಟು ರಿಯಾಯಿತಿ ಕೊಡಬೇಕೋ ಏನೋ.